ಫ್ಲಾರಿಡಾ ರಾಜ್ಯದಲ್ಲಿ ಹವ್ಯಾಸಿ ಮೀನುಗಾರಿಕೆ ಪರವಾನಗಿ: ನಿಯಮಗಳು, ಶುಲ್ಕ ಮತ್ತು ವಿನಾಯಿತಿಗಳು

ಪೀಠಿಕೆ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಹವ್ಯಾಸಕ್ಕಾಗಿ ಮೀನು ಹಿಡಿಯುವ ಪರವಾನಗಿಯನ್ನು ಆಯಾ ರಾಜ್ಯವೇ ನೀಡುತ್ತದೆ. ಇಡೀ ದೇಶಕ್ಕೆ ಅನ್ವಯವಾಗುವ ಒಂದೇ ಪರವಾನಗಿ ಇರುವುದಿಲ್ಲ. ಆದುದರಿಂದ ಪರವಾನಗಿ ಪಡೆಯಬೇಕಾದ ವಯಸ್ಸು, ಶುಲ್ಕ ಮತ್ತು ವಿನಾಯಿತಿಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿರುತ್ತವೆ. ಮೂರು ಕಡೆ ಸಮುದ್ರವನ್ನೂ ಒಳನಾಡಿನಲ್ಲಿ ಅಸಂಖ್ಯ ಸರೋವರಗಳನ್ನೂ ಹೊಂದಿರುವ ಫ್ಲಾರಿಡಾ ರಾಜ್ಯದಲ್ಲಿ ಜಾರಿಯಲ್ಲಿರುವ ನಿಯಮಗಳನ್ನು ಇಲ್ಲಿ ವಿವರಿಸಲಾಗಿದೆ.

ಫ್ಲಾರಿಡಾದಲ್ಲಿ ಈ ವಿಷಯವು ಫ್ಲಾರಿಡಾ ಮತ್ಸ್ಯ ಮತ್ತು ವನ್ಯಜೀವಿ ಸಂರಕ್ಷಣಾ ಆಯೋಗದ (ಮುಂದೆ 'ಆಯೋಗ' ಎಂದು ಕರೆಯಲಾಗಿದೆ) ವ್ಯಾಪ್ತಿಗೆ ಬರುತ್ತದೆ. 1998ರಲ್ಲಿ ರಾಜ್ಯದ ಮತದಾರರು ಅಂಗೀಕರಿಸಿದ ಸಂವಿಧಾನ ತಿದ್ದುಪಡಿಯಂತೆ ಈ ಆಯೋಗವು ದಿನಾಂಕ 1-7-1999ರಿಂದ ಅಸ್ತಿತ್ವಕ್ಕೆ ಬಂದಿತು. ಪರವಾನಗಿಯ ಶುಲ್ಕ ಮತ್ತು ವಿನಾಯಿತಿಗಳನ್ನು ರಾಜ್ಯದ ಶಾಸನಗಳ 379ನೇ ಅಧ್ಯಾಯದಲ್ಲಿ ನಿಗದಿಪಡಿಸಲಾಗಿದೆ.

ಉದ್ಯೋಗ ಅಥವಾ ವ್ಯಾಸಂಗಕ್ಕಾಗಿ ಟ್ಯಾಂಪಾ, ಒರ್ಲ್ಯಾಂಡೊ, ಜಾಕ್ಸನ್‌ವಿಲ್ ಮುಂತಾದ ನಗರಗಳಲ್ಲಿ ನೆಲೆಸಿರುವ ಕನ್ನಡಿಗರು, ಅವರನ್ನು ಕಾಣಲು ಕರ್ನಾಟಕದಿಂದ ತೆರಳುವ ತಂದೆತಾಯಿಗಳು ಹಾಗೂ ಪ್ರವಾಸಿಗರು ಗಾಳ ಹಾಕುವ ಮುನ್ನ ಈ ಮಾಹಿತಿಯನ್ನು ತಿಳಿದಿರುವುದು ಅವಶ್ಯಕ. ಹಿರಿಯ ನಾಗರಿಕರಿಗೆ ಪರವಾನಗಿ ಬೇಕಿಲ್ಲ, ದಡದ ಮೇಲೆ ನಿಂತು ಹಿಡಿದರೆ ಬೇಕಿಲ್ಲ, ಹಿಡಿದ ಮೀನನ್ನು ನೀರಿಗೆ ಬಿಟ್ಟರೆ ಬೇಕಿಲ್ಲ ಎಂಬ ಮೂರು ತಿಳಿವಳಿಕೆಗಳು ಸಾಮಾನ್ಯವಾಗಿ ಕೇಳಿಬರುತ್ತವೆ. ಇವುಗಳಲ್ಲಿ ಮೊದಲಿನ ಎರಡು ಫ್ಲಾರಿಡಾ ನಿವಾಸಿಗಳಿಗೆ ಮಾತ್ರ, ಅದೂ ಷರತ್ತುಗಳಿಗೆ ಒಳಪಟ್ಟು ಅನ್ವಯಿಸುತ್ತವೆ. ಮೂರನೆಯದು ಯಾರಿಗೂ ಅನ್ವಯಿಸುವುದಿಲ್ಲ.

1. ಪರವಾನಗಿ ಯಾವಾಗ ಅಗತ್ಯ

ಫ್ಲಾರಿಡಾದಲ್ಲಿ 16 ವರ್ಷ ತುಂಬಿದ ಪ್ರತಿಯೊಬ್ಬರೂ, ವಿನಾಯಿತಿಗೆ ಒಳಪಡದಿದ್ದಲ್ಲಿ, ಮೀನು ಹಿಡಿಯುವ ಮುನ್ನ ಪರವಾನಗಿ ಪಡೆಯತಕ್ಕದ್ದು. ಕಾನೂನಿನ ದೃಷ್ಟಿಯಲ್ಲಿ ಮೀನು ಹಿಡಿಯುವುದು ಎಂದರೆ ಮೀನು ಕೈಗೆ ಸಿಗುವುದಷ್ಟೇ ಅಲ್ಲ. ಹಿಡಿಯುವ ಪ್ರಯತ್ನವೂ ಅದರಲ್ಲಿ ಸೇರುತ್ತದೆ. ಆದ ಕಾರಣ ದಿನವಿಡೀ ಗಾಳ ಹಾಕಿಯೂ ಒಂದು ಮೀನೂ ಸಿಗದಿದ್ದವರಿಗೂ, ಸಿಕ್ಕ ಮೀನನ್ನೆಲ್ಲ ಜೀವಂತವಾಗಿ ನೀರಿಗೆ ಬಿಟ್ಟವರಿಗೂ ಪರವಾನಗಿ ಕಡ್ಡಾಯವಾಗಿರುತ್ತದೆ.

ಪರವಾನಗಿಯ ಅಗತ್ಯವು ಮೀನಿಗೆ ಮಾತ್ರ ಸೀಮಿತವಲ್ಲ. ಸಮುದ್ರದ ಏಡಿ, ಸಿಗಡಿ ಹಾಗೂ ಜೀವವಿರುವ ಚಿಪ್ಪುಪ್ರಾಣಿಗಳನ್ನು ಸಂಗ್ರಹಿಸುವುದಕ್ಕೂ ಉಪ್ಪುನೀರಿನ ಪರವಾನಗಿ ಬೇಕಾಗುತ್ತದೆ. ಕಡಲತೀರದಲ್ಲಿ ಬಿದ್ದಿರುವ ಖಾಲಿ ಚಿಪ್ಪುಗಳನ್ನು ಆರಿಸಿಕೊಳ್ಳಲು ಪರವಾನಗಿಯ ಅಗತ್ಯವಿಲ್ಲ. ಆದರೆ ಒಳಗೆ ಪ್ರಾಣಿ ಇರುವ ಚಿಪ್ಪನ್ನು ಎತ್ತಿಕೊಂಡು ಹೋಗುವುದು ಬೇರೆಯೇ ವಿಷಯ. ಚಿಪ್ಪುಗಳಿಗೆ ಪ್ರಸಿದ್ಧವಾದ ಸ್ಯಾನಿಬೆಲ್ ದ್ವೀಪದಲ್ಲಿ ಪರವಾನಗಿ ಇದ್ದರೂ ಜೀವಂತ ಚಿಪ್ಪುಗಳನ್ನು ಸಂಗ್ರಹಿಸುವುದು ನಿಷಿದ್ಧ. ಪ್ರವಾಸಿಗರು ಮಕ್ಕಳಿಗೆ ಇದನ್ನು ಮೊದಲೇ ತಿಳಿಸಿರುವುದು ಒಳಿತು.

2. ಸಿಹಿನೀರು ಮತ್ತು ಉಪ್ಪುನೀರಿನ ಪರವಾನಗಿ

ರಾಜ್ಯದಲ್ಲಿ ಸಿಹಿನೀರಿನ ಮೀನುಗಾರಿಕೆಗೆ ಒಂದು, ಉಪ್ಪುನೀರಿನ ಮೀನುಗಾರಿಕೆಗೆ ಇನ್ನೊಂದು ಪರವಾನಗಿ ಇರುತ್ತದೆ. ಓಕಿಚೋಬಿ ಸರೋವರ ಹಾಗೂ ಇತರೆ ಕೆರೆ, ನದಿ, ಕಾಲುವೆಗಳಲ್ಲಿ ಬಾಸ್, ಬ್ಲೂಗಿಲ್, ಕ್ಯಾಟ್‌ಫಿಶ್ ಮುಂತಾದ ಮೀನುಗಳಿಗಾಗಿ ಗಾಳ ಹಾಕುವವರು ಸಿಹಿನೀರಿನ ಪರವಾನಗಿ ಪಡೆಯಬೇಕು. ಸಮುದ್ರ, ಕೊಲ್ಲಿ ಮತ್ತು ಹಿನ್ನೀರುಗಳಲ್ಲಿ ಸ್ನೂಕ್, ರೆಡ್‌ಫಿಶ್, ಸ್ನ್ಯಾಪರ್ ಮುಂತಾದ ಮೀನುಗಳಿಗಾಗಿ ಗಾಳ ಹಾಕುವವರು ಉಪ್ಪುನೀರಿನ ಪರವಾನಗಿ ಪಡೆಯಬೇಕು.

ನದಿಯು ಸಮುದ್ರ ಸೇರುವ ಅಳಿವೆಗಳಲ್ಲಿ ಎರಡೂ ಬಗೆಯ ಮೀನುಗಳು ಸಿಗುತ್ತವೆ. ಇಂತಹ ಕಡೆ ಎರಡೂ ಬಗೆಯ ಮೀನು ಹಿಡಿಯಲಿಚ್ಛಿಸುವವರು ಎರಡೂ ಪರವಾನಗಿಗಳನ್ನು ಹೊಂದಿರುವುದು ಸೂಕ್ತ. ನಿವಾಸಿಗಳಿಗೆ ಈ ಉದ್ದೇಶಕ್ಕಾಗಿ ಜಂಟಿ ಪರವಾನಗಿ ಲಭ್ಯವಿದೆ. ಹೊರಗಿನವರು ಎರಡನ್ನೂ ಪ್ರತ್ಯೇಕವಾಗಿ ಪಡೆಯಬೇಕಾಗುತ್ತದೆ.

3. 'ನಿವಾಸಿ' ಎಂದರೆ ಯಾರು

ಶುಲ್ಕ ಮತ್ತು ವಿನಾಯಿತಿ ಎರಡೂ ಅರ್ಜಿದಾರರು ಫ್ಲಾರಿಡಾ ನಿವಾಸಿಯೇ ಅಲ್ಲವೇ ಎಂಬುದನ್ನು ಅವಲಂಬಿಸಿರುವುದರಿಂದ ಈ ಅಂಶವನ್ನು ಎಚ್ಚರಿಕೆಯಿಂದ ಗಮನಿಸತಕ್ಕದ್ದು.

ಫ್ಲಾರಿಡಾವನ್ನು ತಮ್ಮ ಏಕೈಕ ವಾಸದ ರಾಜ್ಯವೆಂದು ಘೋಷಿಸಿ, ಫ್ಲಾರಿಡಾ ವಿಳಾಸವಿರುವ ಅಲ್ಲಿನ ಚಾಲನಾ ಪರವಾನಗಿ ಅಥವಾ ಗುರುತಿನ ಚೀಟಿ ಹೊಂದಿರುವವರು ನಿವಾಸಿಗಳು. ಇವೆರಡೂ ಇಲ್ಲದಿದ್ದಲ್ಲಿ ಈ ಕೆಳಕಂಡ ದಾಖಲೆಗಳಲ್ಲಿ ಯಾವುದಾದರೂ ಒಂದನ್ನು ಹಾಜರುಪಡಿಸಬಹುದು:

(ಅ) ಫ್ಲಾರಿಡಾದ ಚಾಲ್ತಿಯಲ್ಲಿರುವ ಮತದಾರರ ಮಾಹಿತಿ ಚೀಟಿ
(ಆ) ವಾಸಸ್ಥಳದ ಬಗ್ಗೆ ಕಾನೂನುಬದ್ಧವಾಗಿ ಮಾಡಿದ ಪ್ರಮಾಣಪತ್ರ
(ಇ) ಸ್ವಂತ ವಾಸದ ಮನೆಗೆ ಫ್ಲಾರಿಡಾದಲ್ಲಿ ಪಡೆದಿರುವ ಹೋಮ್‌ಸ್ಟೆಡ್ ತೆರಿಗೆ ವಿನಾಯಿತಿಯ ದಾಖಲೆ
(ಈ) 18 ವರ್ಷದೊಳಗಿನವರಿಗೆ ಫ್ಲಾರಿಡಾ ಶಾಲೆಯ ಗುರುತಿನ ಚೀಟಿ, ಅಥವಾ ಜೊತೆಯಲ್ಲಿ ಬಂದ ತಂದೆ ಇಲ್ಲವೇ ತಾಯಿಯ ನಿವಾಸ ದಾಖಲೆ

ಫ್ಲಾರಿಡಾದಲ್ಲಿ ನಿಯೋಜನೆಗೊಂಡಿರುವ ಅಮೆರಿಕದ ಸೇನಾ ಸಿಬ್ಬಂದಿ ಹಾಗೂ ಅವರ ಕುಟುಂಬದವರನ್ನೂ ನಿವಾಸಿಗಳೆಂದೇ ಪರಿಗಣಿಸಲಾಗುತ್ತದೆ.

ಮೇಲಿನ ಪಟ್ಟಿಯಲ್ಲಿ ಪೌರತ್ವದ ಪ್ರಸ್ತಾಪವಿಲ್ಲ ಎಂಬುದನ್ನು ಗಮನಿಸಬೇಕು. ಉದ್ಯೋಗ ವೀಸಾ ಅಥವಾ ವಿದ್ಯಾರ್ಥಿ ವೀಸಾದ ಮೇಲೆ ಫ್ಲಾರಿಡಾದಲ್ಲಿ ವಾಸವಾಗಿದ್ದು, ಅಲ್ಲಿನ ಚಾಲನಾ ಪರವಾನಗಿ ಪಡೆದಿರುವ ಭಾರತೀಯ ಪ್ರಜೆಯು ನಿವಾಸಿ ದರದಲ್ಲಿ ಪರವಾನಗಿ ಪಡೆಯಬಹುದು. ಇದಕ್ಕೆ ವಿರುದ್ಧವಾಗಿ, ಅಮೆರಿಕದ ಪೌರರೇ ಆಗಿದ್ದರೂ ಜಾರ್ಜಿಯಾ ಅಥವಾ ಟೆಕ್ಸಸ್‌ನಲ್ಲಿ ವಾಸಿಸುವವರು ಫ್ಲಾರಿಡಾದಲ್ಲಿ ಹೊರಗಿನವರೇ. ಮಗ ಅಥವಾ ಮಗಳ ಮನೆಗೆ ಸಂದರ್ಶಕ ವೀಸಾದ ಮೇಲೆ ಕೆಲವು ತಿಂಗಳ ಮಟ್ಟಿಗೆ ಬಂದಿರುವ ತಂದೆತಾಯಿಗಳು, ಆ ಮನೆಯಲ್ಲೇ ಉಳಿದುಕೊಂಡಿದ್ದರೂ, ನಿವಾಸಿಗಳಾಗುವುದಿಲ್ಲ.

4. ಶುಲ್ಕದ ವಿವರ

ಶುಲ್ಕಗಳು ಅಮೆರಿಕದ ಡಾಲರ್‌ಗಳಲ್ಲಿವೆ. ಅಂತರ್ಜಾಲ, ದೂರವಾಣಿ ಮುಂತಾದ ಮಾರ್ಗಗಳಲ್ಲಿ ಪಡೆಯುವಾಗ ಅಲ್ಪ ಪ್ರಮಾಣದ ನಿರ್ವಹಣಾ ಶುಲ್ಕವು ಪ್ರತ್ಯೇಕವಾಗಿ ಸೇರುತ್ತದೆ.

ನಿವಾಸಿಗಳಿಗೆ:
- ಸಿಹಿನೀರು, ವಾರ್ಷಿಕ: 17.00
- ಉಪ್ಪುನೀರು, ವಾರ್ಷಿಕ: 17.00
- ಸಿಹಿನೀರು ಮತ್ತು ಉಪ್ಪುನೀರು ಜಂಟಿ, ವಾರ್ಷಿಕ: 32.50
- ಸಿಹಿನೀರು, ಐದು ವರ್ಷ: 79.00
- ಉಪ್ಪುನೀರು, ಐದು ವರ್ಷ: 79.00
- ಉಪ್ಪುನೀರಿನ ದಡದ ಪರವಾನಗಿ, ವಾರ್ಷಿಕ: ಉಚಿತ

ಹೊರಗಿನವರಿಗೆ (ಬೇರೆ ರಾಜ್ಯದವರು ಮತ್ತು ವಿದೇಶಿ ಪ್ರವಾಸಿಗರು):
- ಸಿಹಿನೀರು, ಮೂರು ದಿನ: 17.00
- ಸಿಹಿನೀರು, ಏಳು ದಿನ: 30.00
- ಸಿಹಿನೀರು, ವಾರ್ಷಿಕ: 47.00
- ಉಪ್ಪುನೀರು, ಮೂರು ದಿನ: 17.00
- ಉಪ್ಪುನೀರು, ಏಳು ದಿನ: 30.00
- ಉಪ್ಪುನೀರು, ವಾರ್ಷಿಕ: 47.00

ವಿದೇಶಿಯರಿಗೆಂದು ಪ್ರತ್ಯೇಕವಾದ ಹೆಚ್ಚಿನ ದರವಿರುವುದಿಲ್ಲ.

ಯಾವ ಅವಧಿಯ ಪರವಾನಗಿ ಲಾಭದಾಯಕ ಎಂಬುದನ್ನು ಲೆಕ್ಕ ಹಾಕಿ ನಿರ್ಧರಿಸುವುದು ಒಳ್ಳೆಯದು. ಹೊರಗಿನವರು ಏಳು ದಿನಗಳ ಪರವಾನಗಿಯನ್ನು ಎರಡು ಬಾರಿ ಪಡೆದರೆ 60 ಡಾಲರ್ ಆಗುತ್ತದೆ. ವಾರ್ಷಿಕ ಪರವಾನಗಿಗೆ 47 ಡಾಲರ್ ಮಾತ್ರ. ಮೂರು ದಿನಗಳ ಪರವಾನಗಿಯನ್ನು ಮೂರು ಬಾರಿ ಪಡೆದರೂ 51 ಡಾಲರ್ ಆಗುತ್ತದೆ. ಆದುದರಿಂದ ಹಲವು ತಿಂಗಳು ಉಳಿಯುವ ತಂದೆತಾಯಿಗಳಿಗೆ ವಾರ್ಷಿಕ ಪರವಾನಗಿಯೇ ಮಿತವ್ಯಯಕಾರಿ. ನಿವಾಸಿಗಳ ವಿಷಯದಲ್ಲಿ, ಐದು ವರ್ಷದ ಪರವಾನಗಿಯಿಂದ ಉಳಿಯುವ ಹಣ 6 ಡಾಲರ್ ಮಾತ್ರ. ಕೆಲಸ ಬದಲಾಗಿ ಬೇರೆ ರಾಜ್ಯಕ್ಕೆ ಹೋಗುವ ಸಂಭವವಿರುವವರು ವಾರ್ಷಿಕ ಪರವಾನಗಿ ಪಡೆಯುವುದೇ ಲೇಸು.

ನಿವಾಸಿಗಳಿಗೆ ಜೀವಮಾನ ಪರವಾನಗಿಯೂ ಲಭ್ಯವಿದೆ. ಸಿಹಿನೀರು ಅಥವಾ ಉಪ್ಪುನೀರಿನ ಜೀವಮಾನ ಪರವಾನಗಿಗೆ 4 ವರ್ಷದವರೆಗಿನ ಮಕ್ಕಳಿಗೆ 126.50, 5ರಿಂದ 12 ವರ್ಷದವರಿಗೆ 226.50 ಮತ್ತು 13 ವರ್ಷ ಮೇಲ್ಪಟ್ಟವರಿಗೆ 301.50 ಡಾಲರ್ ನಿಗದಿಯಾಗಿದೆ. ಇದನ್ನು ಪಡೆದವರು ಮುಂದೆ ಬೇರೆ ರಾಜ್ಯಕ್ಕೆ ಹೋಗಿ ನೆಲೆಸಿದರೂ ಪರವಾನಗಿಯು ಊರ್ಜಿತದಲ್ಲಿರುತ್ತದೆ.

5. ದಡದ ಉಚಿತ ಪರವಾನಗಿ

ಫ್ಲಾರಿಡಾ ನಿವಾಸಿಗಳು ಸಮುದ್ರದ ದಡದಿಂದ ಅಥವಾ ದಡಕ್ಕೆ ಜೋಡಿಸಿರುವ ಕಟ್ಟೆ, ಸೇತುವೆ ಮುಂತಾದವುಗಳಿಂದ ಗಾಳ ಹಾಕಲು ಉಚಿತ ಪರವಾನಗಿ ಪಡೆಯಬಹುದು. ಇದು 2009ರಲ್ಲಿ ಜಾರಿಗೆ ಬಂದಿತು. ಅದಕ್ಕೂ ಮೊದಲು ದಡದಿಂದ ಹಿಡಿಯುವ ನಿವಾಸಿಗಳಿಗೆ ಪರವಾನಗಿಯೇ ಬೇಕಿರಲಿಲ್ಲ. ಸಮುದ್ರದಲ್ಲಿ ಹವ್ಯಾಸಕ್ಕಾಗಿ ಮೀನು ಹಿಡಿಯುವವರ ನೋಂದಣಿಯನ್ನು ಫೆಡರಲ್ ಸರ್ಕಾರವು 2006ರ ಕಾಯ್ದೆಯ ಮೂಲಕ ಅಗತ್ಯಪಡಿಸಿದ ಹಿನ್ನೆಲೆಯಲ್ಲಿ ಈ ವ್ಯವಸ್ಥೆ ಬಂದಿತು.

ಈ ಪರವಾನಗಿಯ ಬಗ್ಗೆ ಮೂರು ಅಂಶಗಳನ್ನು ಗಮನದಲ್ಲಿಡತಕ್ಕದ್ದು.

ಒಂದು: ಉಚಿತ ಎಂದ ಮಾತ್ರಕ್ಕೆ ಪಡೆಯದೆ ಇರಬಹುದು ಎಂದಲ್ಲ. ಹಣ ಕೊಡಬೇಕಿಲ್ಲವಾದರೂ ಗಾಳ ಹಾಕುವ ಮುನ್ನ ಪರವಾನಗಿಯನ್ನು ಕೇಳಿ ಪಡೆಯಲೇಬೇಕು.

ಎರಡು: ದೋಣಿಯಿಂದ ಮೀನು ಹಿಡಿಯುವುದಕ್ಕೆ, ಅಥವಾ ದೋಣಿಯಲ್ಲಿ ಹೋಗಿ ತಲುಪಿದ ದ್ವೀಪದ ದಡದಿಂದ ಹಿಡಿಯುವುದಕ್ಕೆ ಇದು ಸಲ್ಲುವುದಿಲ್ಲ. ಕೆರೆ, ನದಿಗಳ ಸಿಹಿನೀರಿನ ಮೀನಿಗೂ ಸಲ್ಲುವುದಿಲ್ಲ.

ಮೂರು: ಇದು ನಿವಾಸಿಗಳಿಗೆ ಮಾತ್ರ. ಹೊರಗಿನವರು ದಡದ ಮೇಲೆ ನಿಂತೇ ಗಾಳ ಹಾಕುವುದಾದರೂ ಶುಲ್ಕ ತೆತ್ತು ಸಾಮಾನ್ಯ ಉಪ್ಪುನೀರಿನ ಪರವಾನಗಿ ಪಡೆಯಬೇಕು.

6. ಪರವಾನಗಿಯ ಜೊತೆಗೆ ಬೇಕಾಗುವ ಅನುಮತಿಗಳು

ಕೆಲವು ಜಾತಿಗಳಿಗೆ ಉಪ್ಪುನೀರಿನ ಪರವಾನಗಿಯ ಜೊತೆಗೆ ಪ್ರತ್ಯೇಕ ಅನುಮತಿ ಪಡೆಯಬೇಕಾಗುತ್ತದೆ. ಸ್ನೂಕ್ ಮೀನಿಗೆ ವಾರ್ಷಿಕ 10 ಡಾಲರ್ ಮತ್ತು ಮುಳ್ಳುಸಿಗಡಿಗೆ (ಸ್ಪೈನಿ ಲಾಬ್‌ಸ್ಟರ್) ವಾರ್ಷಿಕ 5 ಡಾಲರ್ ನಿಗದಿಯಾಗಿದೆ. ದಡದ ಉಚಿತ ಪರವಾನಗಿ ಪಡೆದವರೂ ಸ್ನೂಕ್ ಹಿಡಿದು ಇಟ್ಟುಕೊಳ್ಳಬೇಕಾದರೆ ಸ್ನೂಕ್ ಅನುಮತಿ ಪಡೆಯಬೇಕು.

ಇನ್ನೆರಡು ಅನುಮತಿಗಳು ಉಚಿತವಾಗಿದ್ದರೂ ಕಡ್ಡಾಯವಾಗಿವೆ. ಖಾಸಗಿ ದೋಣಿಯಿಂದ ಗ್ರೂಪರ್, ಸ್ನ್ಯಾಪರ್, ಆಂಬರ್‌ಜ್ಯಾಕ್ ಮುಂತಾದ ನಿಗದಿತ ಬಂಡೆಮೀನುಗಳಿಗಾಗಿ ಗಾಳ ಹಾಕುವವರು 'ರಾಜ್ಯ ಬಂಡೆಮೀನು ಗಾಳಗಾರ' ಎಂದು ಹೆಸರು ನೋಂದಾಯಿಸಿಕೊಳ್ಳಬೇಕು. ಈ ನಿಯಮವು ದಿನಾಂಕ 1-7-2020ರಿಂದ ಇಡೀ ರಾಜ್ಯಕ್ಕೆ ಅನ್ವಯವಾಗಿದೆ. ದಡದಿಂದ ಶಾರ್ಕ್ ಹಿಡಿಯಲಿಚ್ಛಿಸುವವರು ಆಯೋಗವು ಸಿದ್ಧಪಡಿಸಿರುವ ತಿಳಿವಳಿಕೆ ಪಾಠವನ್ನು ಅಂತರ್ಜಾಲದಲ್ಲಿ ಪೂರೈಸಿ ಪ್ರತಿ ವರ್ಷ ಅನುಮತಿ ಪಡೆಯಬೇಕು. ಇದು 2019ರ ಜುಲೈ ತಿಂಗಳಿನಿಂದ ಜಾರಿಯಲ್ಲಿದೆ. 65 ವರ್ಷ ಮೇಲ್ಪಟ್ಟು ಪರವಾನಗಿಯಿಂದ ವಿನಾಯಿತಿ ಪಡೆದಿರುವ ನಿವಾಸಿಗಳಿಗೂ ಈ ಎರಡು ಅಗತ್ಯಗಳು ಅನ್ವಯಿಸುತ್ತವೆ.

7. ವಿನಾಯಿತಿಗಳು

(ಅ) ನಿವಾಸಿ, ಹೊರಗಿನವರು ಎಂಬ ಭೇದವಿಲ್ಲದೆ ಎಲ್ಲರಿಗೂ ಅನ್ವಯಿಸುವ ವಿನಾಯಿತಿಗಳು

- 16 ವರ್ಷದೊಳಗಿನ ಮಕ್ಕಳಿಗೆ ಪರವಾನಗಿ ಬೇಕಿಲ್ಲ. ಕರ್ನಾಟಕದಿಂದ ರಜೆಗೆ ಬಂದ ಮಕ್ಕಳಿಗೂ ಇದು ಅನ್ವಯಿಸುತ್ತದೆ.
- ಅಗತ್ಯ ಪರವಾನಗಿ ಹೊಂದಿರುವ ಬಾಡಿಗೆ ಮೀನುಗಾರಿಕೆ ದೋಣಿಯಲ್ಲಿ ನಾವಿಕನೊಡನೆ ಸಮುದ್ರಕ್ಕೆ ತೆರಳುವ ಗ್ರಾಹಕರಿಗೆ ಪ್ರತ್ಯೇಕ ಪರವಾನಗಿ ಬೇಕಿಲ್ಲ. ದೋಣಿಯ ಪರವಾನಗಿಯೇ ಅವರೆಲ್ಲರಿಗೂ ಸಲ್ಲುತ್ತದೆ. ಆದರೆ ನಾವಿಕನಿಲ್ಲದೆ ದೋಣಿಯನ್ನಷ್ಟೇ ಬಾಡಿಗೆಗೆ ಪಡೆದವರಿಗೆ ಈ ರಕ್ಷಣೆ ಇರುವುದಿಲ್ಲ. ಸಿಹಿನೀರಿನಲ್ಲಿ ಮಾರ್ಗದರ್ಶಕರೊಡನೆ ಹೋದರೂ ಪ್ರತಿಯೊಬ್ಬರೂ ತಮ್ಮದೇ ಪರವಾನಗಿ ಹೊಂದಿರಬೇಕು.
- ಉಪ್ಪುನೀರಿನ ಪರವಾನಗಿ ಪಡೆದಿರುವ ಮೀನುಗಾರಿಕೆ ಕಟ್ಟೆಯಿಂದ (ಪಿಯರ್) ಗಾಳ ಹಾಕುವವರಿಗೆ ಬೇಕಿಲ್ಲ. ಎಲ್ಲಾ ಕಟ್ಟೆಗಳೂ ಇಂತಹ ಪರವಾನಗಿ ಪಡೆದಿರುವುದಿಲ್ಲವಾದುದರಿಂದ ಸ್ಥಳದಲ್ಲಿ ವಿಚಾರಿಸಿಕೊಳ್ಳಬೇಕು.
- ಒಬ್ಬರ ಖಾಸಗಿ ಜಮೀನಿನ ಒಳಗೇ ಪೂರ್ತಿಯಾಗಿರುವ, 20 ಎಕರೆ ಮೀರದ ಮೀನುಕೊಳದಲ್ಲಿ ಹಿಡಿಯುವವರಿಗೆ ಬೇಕಿಲ್ಲ. ಮೀನುಕೊಳ ಎಂದರೆ ಮೀನು ಹಿಡಿಯುವ ಉದ್ದೇಶಕ್ಕಾಗಿಯೇ ಮುಖ್ಯವಾಗಿ ನಿರ್ಮಿಸಿ ನಿರ್ವಹಿಸುತ್ತಿರುವ ಕೃತಕ ಕೊಳ. ವಸತಿ ಬಡಾವಣೆಗಳಲ್ಲಿ ಮಳೆನೀರು ನಿಲ್ಲಲು ಮಾಡಿರುವ ಕೊಳಗಳು ಮನೆಯ ಹಿಂದೆಯೇ ಇದ್ದರೂ ತಾವಾಗಿ ಈ ವ್ಯಾಪ್ತಿಗೆ ಬರುವುದಿಲ್ಲ.

(ಆ) ಫ್ಲಾರಿಡಾ ನಿವಾಸಿಗಳಿಗೆ ಮಾತ್ರ ಅನ್ವಯಿಸುವ ವಿನಾಯಿತಿಗಳು

- 65 ವರ್ಷ ತುಂಬಿದ ನಿವಾಸಿಗಳಿಗೆ ಬೇಕಿಲ್ಲ. ವಯಸ್ಸು ಮತ್ತು ನಿವಾಸ ಎರಡನ್ನೂ ತೋರಿಸುವ ದಾಖಲೆ ಜೊತೆಯಲ್ಲಿರಬೇಕು. ಫ್ಲಾರಿಡಾ ಚಾಲನಾ ಪರವಾನಗಿ ಅಥವಾ ಗುರುತಿನ ಚೀಟಿ ಸಾಕಾಗುತ್ತದೆ.
- ತಾವು ವಾಸಿಸುವ ಕೌಂಟಿಯೊಳಗೆ, ದಾರ ಸುತ್ತುವ ರಾಟೆಯಿಲ್ಲದ ಸಾದಾ ಕೋಲಿನ ಗಾಳಕ್ಕೆ ಜೀವಂತ ಅಥವಾ ನೈಸರ್ಗಿಕ ಎರೆ ಸಿಕ್ಕಿಸಿ, ಮಾರಾಟದ ಉದ್ದೇಶವಿಲ್ಲದೆ ಸಿಹಿನೀರಿನ ಮೀನು ಹಿಡಿಯುವವರಿಗೆ ಬೇಕಿಲ್ಲ. ಬಿದಿರುಕೋಲು ಮತ್ತು ಎರೆಹುಳುವಿನ ಗಾಳ ಇದರ ವ್ಯಾಪ್ತಿಗೆ ಬರುತ್ತದೆ. ಆದರೆ ಆಯೋಗವು ಘೋಷಿಸಿರುವ ಮೀನು ನಿರ್ವಹಣಾ ಪ್ರದೇಶಗಳಲ್ಲಿ ಈ ವಿನಾಯಿತಿ ಇರುವುದಿಲ್ಲ.
- ತಮ್ಮ, ಸಂಗಾತಿಯ ಅಥವಾ ಅಪ್ರಾಪ್ತ ಮಗುವಿನ ಹೋಮ್‌ಸ್ಟೆಡ್ ಆಸ್ತಿಯೊಳಗೆ ಹಿಡಿಯುವವರಿಗೆ ಬೇಕಿಲ್ಲ.
- ಸೇನೆಯಲ್ಲಿದ್ದು, ನಿಯೋಜನೆ ಬೇರೆಡೆ ಇದ್ದು, 30 ದಿನ ಮೀರದ ರಜೆಯ ಮೇಲೆ ಊರಿಗೆ ಬಂದಿರುವ ನಿವಾಸಿಗಳಿಗೆ ಬೇಕಿಲ್ಲ. ರಜೆಯ ಆದೇಶ ಜೊತೆಯಲ್ಲಿರಬೇಕು.
- ಸರ್ಕಾರದ ಆಹಾರ ನೆರವು, ತಾತ್ಕಾಲಿಕ ನಗದು ನೆರವು ಅಥವಾ ಮೆಡಿಕೇಡ್ ಸೌಲಭ್ಯಕ್ಕೆ ಅರ್ಹರೆಂದು ಗುರುತಿಸಲ್ಪಟ್ಟ ನಿವಾಸಿಗಳು ದಡದಿಂದ ಉಪ್ಪುನೀರಿನ ಮೀನು ಹಿಡಿಯಲು ಪರವಾನಗಿ ಬೇಕಿಲ್ಲ. ಸೌಲಭ್ಯದ ಚೀಟಿ ಮತ್ತು ಗುರುತಿನ ಚೀಟಿ ತೋರಿಸಬೇಕು.
- ಸಂಪೂರ್ಣ ಮತ್ತು ಶಾಶ್ವತ ಅಂಗವೈಕಲ್ಯವುಳ್ಳವರೆಂದು ಪ್ರಮಾಣೀಕರಿಸಲ್ಪಟ್ಟ ನಿವಾಸಿಗಳಿಗೆ ಉಚಿತ ಪರವಾನಗಿ ನೀಡಲಾಗುತ್ತದೆ. ಇದು ತಾನಾಗಿ ದೊರೆಯುವುದಿಲ್ಲ. ದಾಖಲೆಗಳೊಂದಿಗೆ ಅರ್ಜಿ ಸಲ್ಲಿಸಬೇಕು.

8. ಪರವಾನಗಿ ಅಗತ್ಯವಿಲ್ಲದ ದಿನಗಳು

ಹೊಸಬರನ್ನು ಈ ಹವ್ಯಾಸಕ್ಕೆ ಪರಿಚಯಿಸುವ ಉದ್ದೇಶದಿಂದ ವರ್ಷದ ಕೆಲವು ದಿನಗಳಲ್ಲಿ ಯಾರೂ ಪರವಾನಗಿಯಿಲ್ಲದೆ ಗಾಳ ಹಾಕಬಹುದು. ಹೊರಗಿನವರಿಗೂ ಇದು ಅನ್ವಯಿಸುತ್ತದೆ.

ಸಿಹಿನೀರು: ಏಪ್ರಿಲ್ ತಿಂಗಳ ಮೊದಲ ಶನಿವಾರ ಮತ್ತು ಭಾನುವಾರ, ಜೂನ್ ತಿಂಗಳ ಎರಡನೆಯ ಶನಿವಾರ ಮತ್ತು ಭಾನುವಾರ.

ಉಪ್ಪುನೀರು: ಜೂನ್ ತಿಂಗಳ ಮೊದಲ ಶನಿವಾರ ಮತ್ತು ಭಾನುವಾರ, ಸೆಪ್ಟೆಂಬರ್ ತಿಂಗಳ ಮೊದಲ ಶನಿವಾರ, ನವೆಂಬರ್‌ನಲ್ಲಿ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ನಂತರದ ಶನಿವಾರ.

ಸಿಹಿನೀರಿಗೆ ನಿಗದಿಯಾದ ದಿನ ಸಮುದ್ರಕ್ಕೂ, ಸಮುದ್ರಕ್ಕೆ ನಿಗದಿಯಾದ ದಿನ ಕೆರೆಗೂ ಅನ್ವಯಿಸುವುದಿಲ್ಲ.

9. ಪರವಾನಗಿ ಪಡೆಯುವ ವಿಧಾನ

ಪರವಾನಗಿಯನ್ನು ಈ ಕೆಳಕಂಡ ಯಾವುದೇ ಮಾರ್ಗದಲ್ಲಿ ಪಡೆಯಬಹುದು:

(ಅ) 'ಗೋ ಔಟ್‌ಡೋರ್ಸ್ ಫ್ಲಾರಿಡಾ' ಎಂಬ ಅಧಿಕೃತ ಜಾಲತಾಣ
(ಆ) ಆಯೋಗದ 'ಫಿಶ್ ಹಂಟ್ ಫ್ಲಾರಿಡಾ' ಎಂಬ ಮೊಬೈಲ್ ಆಪ್
(ಇ) ರಾಜ್ಯದ 67 ಕೌಂಟಿಗಳ ತೆರಿಗೆ ಸಂಗ್ರಾಹಕರ ಕಚೇರಿಗಳು
(ಈ) ಮೀನುಗಾರಿಕೆ ಸಾಮಗ್ರಿ ಮಾರುವ ಅಂಗಡಿಗಳು ಹಾಗೂ ಇತರೆ ಅಧಿಕೃತ ಮಾರಾಟ ಕೇಂದ್ರಗಳು

ಅರ್ಜಿಯಲ್ಲಿ ಹೆಸರು, ಜನ್ಮ ದಿನಾಂಕ, ವಿಳಾಸ ಹಾಗೂ ಗುರುತಿನ ವಿವರಗಳನ್ನು ನೀಡಬೇಕು. ನಿವಾಸಿ ದರ ಕೋರುವವರು ಫ್ಲಾರಿಡಾ ಚಾಲನಾ ಪರವಾನಗಿ ಅಥವಾ ಗುರುತಿನ ಚೀಟಿಯ ಸಂಖ್ಯೆಯನ್ನು ಸಿದ್ಧವಾಗಿಟ್ಟುಕೊಳ್ಳಬೇಕು. ಹವ್ಯಾಸಿ ಪರವಾನಗಿಗಳ ಅರ್ಜಿಯಲ್ಲಿ ಸಾಮಾಜಿಕ ಭದ್ರತಾ ಸಂಖ್ಯೆಯನ್ನು ಕೇಳುವುದು ಫೆಡರಲ್ ಕಾನೂನಿನ ಅಗತ್ಯವಾಗಿದೆ. ಇಂತಹ ಸಂಖ್ಯೆ ಇಲ್ಲದ ವಿದೇಶಿ ಪ್ರವಾಸಿಗರು ಪಾಸ್‌ಪೋರ್ಟ್ ಜೊತೆಯಲ್ಲಿಟ್ಟುಕೊಂಡು ತೆರಿಗೆ ಸಂಗ್ರಾಹಕರ ಕಚೇರಿ ಅಥವಾ ಮಾರಾಟ ಕೇಂದ್ರಕ್ಕೆ ಖುದ್ದಾಗಿ ಹೋಗುವುದು ಅನುಕೂಲಕರ. ಅರ್ಜಿಯಲ್ಲಿ ತಿಳಿದೂ ಸುಳ್ಳು ಮಾಹಿತಿ ನೀಡುವುದು ಕಾನೂನಿನ ಪ್ರಕಾರ ನಿಷಿದ್ಧ.

ಅಲ್ಪಾವಧಿಯ ಪರವಾನಗಿಗಳನ್ನು ಪಡೆಯುವಾಗ ಆರಂಭದ ದಿನಾಂಕವನ್ನು ಆಯ್ಕೆ ಮಾಡಬಹುದು. ದಿನಾಂಕವನ್ನು ತಪ್ಪಾಗಿ ನಮೂದಿಸಿದರೆ ದಿನಗಳು ವ್ಯರ್ಥವಾಗಬಹುದು. ಒಮ್ಮೆ ಪಡೆದ ಪರವಾನಗಿಯ ಹಣವನ್ನು ಹಿಂದಿರುಗಿಸುವುದಿಲ್ಲ ಮತ್ತು ಒಬ್ಬರ ಪರವಾನಗಿಯನ್ನು ಇನ್ನೊಬ್ಬರು ಬಳಸುವಂತಿಲ್ಲ. ಮೀನು ಹಿಡಿಯುವಾಗ ಪರವಾನಗಿಯು ಕೈಯಳತೆಯಲ್ಲಿರಬೇಕು. ಮೊಬೈಲ್ ಆಪ್‌ನಲ್ಲಿರುವ ಪರವಾನಗಿಯನ್ನು ತೋರಿಸಿದರೂ ಆಗುತ್ತದೆ.

10. ಒಂದು ಕುಟುಂಬದ ಉದಾಹರಣೆ

ನಿಯಮಗಳು ಹೇಗೆ ಅನ್ವಯಿಸುತ್ತವೆ ಎಂಬುದನ್ನು ತಿಳಿಯಲು ನಾಲ್ವರ ಒಂದು ಕುಟುಂಬವನ್ನು ಪರಿಗಣಿಸಬಹುದು. ಮಗನಿಗೆ 40 ವರ್ಷ; ಉದ್ಯೋಗ ವೀಸಾದ ಮೇಲಿದ್ದು ಫ್ಲಾರಿಡಾ ಚಾಲನಾ ಪರವಾನಗಿ ಹೊಂದಿದ್ದಾರೆ. ಮೊಮ್ಮಗಳಿಗೆ 12 ವರ್ಷ. ಮೈಸೂರಿನಿಂದ ಬಂದಿರುವ ತಂದೆಗೆ 68 ವರ್ಷ, ತಾಯಿಗೆ 63 ವರ್ಷ. ನಾಲ್ವರೂ ಗಾಳ ಹಾಕಲಿಚ್ಛಿಸುತ್ತಾರೆ.

ಸಮುದ್ರದ ದಡದಲ್ಲಿ: ಮಗನಿಗೆ ಉಚಿತ ದಡದ ಪರವಾನಗಿ, ಮೊಮ್ಮಗಳಿಗೆ ಅಗತ್ಯವಿಲ್ಲ, ತಂದೆ ಮತ್ತು ತಾಯಿಗೆ ಮೂರು ದಿನಗಳ ಉಪ್ಪುನೀರಿನ ಪರವಾನಗಿ ತಲಾ 17 ಡಾಲರ್. ಒಟ್ಟು 34 ಡಾಲರ್.

ಸರೋವರದಲ್ಲಿ: ಮಗನಿಗೆ ವಾರ್ಷಿಕ ಸಿಹಿನೀರಿನ ಪರವಾನಗಿ 17 ಡಾಲರ್, ಮೊಮ್ಮಗಳಿಗೆ ಅಗತ್ಯವಿಲ್ಲ, ತಂದೆ ಮತ್ತು ತಾಯಿಗೆ ಮೂರು ದಿನಕ್ಕೆ ತಲಾ 17 ಡಾಲರ್. ಒಟ್ಟು 51 ಡಾಲರ್. ಮಗನು ತನ್ನ ಕೌಂಟಿಯಲ್ಲೇ ರಾಟೆಯಿಲ್ಲದ ಕೋಲಿನಿಂದ ಹಿಡಿಯುವುದಾದರೆ ಅವರ 17 ಡಾಲರ್ ಉಳಿಯುತ್ತದೆ. ತಂದೆತಾಯಿಗಳು ಅದೇ ಕೋಲನ್ನು ಹಿಡಿದರೆ ಅವರಿಗೆ ಪರವಾನಗಿ ಬೇಕು.

ನಾವಿಕನಿರುವ, ಪರವಾನಗಿ ಪಡೆದ ಬಾಡಿಗೆ ದೋಣಿಯಲ್ಲಿ ಸಮುದ್ರಕ್ಕೆ: ದೋಣಿಯ ಬಾಡಿಗೆಯ ಹೊರತು ನಾಲ್ವರಲ್ಲಿ ಯಾರಿಗೂ ಪರವಾನಗಿ ಶುಲ್ಕವಿಲ್ಲ.

ತಂದೆಯವರಿಗೆ 68 ವರ್ಷವಾಗಿದ್ದರೂ ಹಿರಿಯ ನಾಗರಿಕರ ವಿನಾಯಿತಿ ದೊರೆಯದಿರುವುದನ್ನು ಇಲ್ಲಿ ಗಮನಿಸಬೇಕು. ಅವರಿಗೆ ಅಡ್ಡಿಯಾಗಿರುವುದು ವಯಸ್ಸಲ್ಲ, ನಿವಾಸ.

11. ಪರವಾನಗಿ ಇದ್ದರೂ ಪಾಲಿಸಬೇಕಾದ ನಿಯಮಗಳು

ಪರವಾನಗಿಯು ಗಾಳ ಹಾಕಲು ಮಾತ್ರ ಅವಕಾಶ ನೀಡುತ್ತದೆ. ಯಾವ ಮೀನನ್ನು, ಎಷ್ಟು ಉದ್ದದ್ದನ್ನು, ದಿನಕ್ಕೆ ಎಷ್ಟು, ವರ್ಷದ ಯಾವ ಕಾಲದಲ್ಲಿ ಇಟ್ಟುಕೊಳ್ಳಬಹುದು ಎಂಬುದಕ್ಕೆ ಪ್ರತ್ಯೇಕ ಮಿತಿಗಳಿವೆ. ಉದಾಹರಣೆಗೆ, ರಾಜ್ಯದ ಸಾಮಾನ್ಯ ನಿಯಮದಂತೆ ಬ್ಲ್ಯಾಕ್ ಬಾಸ್ ಮೀನುಗಳನ್ನು ಒಬ್ಬರು ದಿನಕ್ಕೆ ಐದಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಲಾರ್ಜ್‌ಮೌತ್ ಬಾಸ್‌ಗಳ ಪೈಕಿ 16 ಅಂಗುಲ ಅಥವಾ ಅದಕ್ಕಿಂತ ಉದ್ದದ್ದು ಒಂದೇ ಇರಬೇಕು. ಈ ಮಿತಿಗಳು ಪರವಾನಗಿ ಹೊಂದಿದವರಿಗೂ, ವಿನಾಯಿತಿ ಪಡೆದವರಿಗೂ, 16 ವರ್ಷದೊಳಗಿನ ಮಕ್ಕಳಿಗೂ, ಪರವಾನಗಿ ಅಗತ್ಯವಿಲ್ಲದ ದಿನಗಳಲ್ಲಿಯೂ ಒಂದೇ ರೀತಿ ಅನ್ವಯಿಸುತ್ತವೆ. ಸಮುದ್ರ ಮೀನುಗಳ ಋತುಗಳು ಪ್ರತಿ ವರ್ಷ ಬದಲಾಗಬಹುದಾದ್ದರಿಂದ, ಹೊರಡುವ ದಿನದಂದು ಆಯೋಗದ ಜಾಲತಾಣದಲ್ಲಿ ನೋಡಿಕೊಳ್ಳತಕ್ಕದ್ದು.

ಎವರ್‌ಗ್ಲೇಡ್ಸ್ ರಾಷ್ಟ್ರೀಯ ಉದ್ಯಾನದೊಳಗೆ ಗಾಳ ಹಾಕುವವರಿಗೂ ಫ್ಲಾರಿಡಾ ಪರವಾನಗಿ ಬೇಕು. ಉದ್ಯಾನದ ಪ್ರವೇಶ ಶುಲ್ಕವು ಪರವಾನಗಿಗೆ ಬದಲಿಯಲ್ಲ.

12. ಉಲ್ಲಂಘನೆ ಮತ್ತು ದಂಡ

ಪರವಾನಗಿಯಿಲ್ಲದೆ ಹವ್ಯಾಸಕ್ಕಾಗಿ ಮೀನು ಹಿಡಿಯುವುದನ್ನು ಮೊದಲ ಹಂತದ ಉಲ್ಲಂಘನೆ ಎಂದು ಪರಿಗಣಿಸಲಾಗಿದೆ. ಮೊದಲ ಸಲ ಸಿಕ್ಕಿಬಿದ್ದವರು 50 ಡಾಲರ್ ದಂಡವನ್ನೂ, ಅದರ ಜೊತೆಗೆ ಪಡೆಯಬೇಕಾಗಿದ್ದ ಪರವಾನಗಿಯ ಬೆಲೆಯನ್ನೂ ತೆರಬೇಕಾಗುತ್ತದೆ. ಮೂರು ದಿನಗಳ ಪರವಾನಗಿಯ 17 ಡಾಲರ್ ಉಳಿಸಲು ಹೋದವರಿಗೆ ಕನಿಷ್ಠ 67 ಡಾಲರ್ ಖರ್ಚಾಗುತ್ತದೆ. ಮತ್ತೆ ಅದೇ ಉಲ್ಲಂಘನೆ ಮಾಡಿದರೆ ದಂಡವು ಹೆಚ್ಚುತ್ತದೆ. ಅಧಿಕಾರಿಗಳು ನೀಡಿದ ನೋಟಿಸನ್ನು ವೀಸಾದ ಮೇಲಿರುವವರು ಎಂದಿಗೂ ಅಲಕ್ಷಿಸಬಾರದು. ನಿಗದಿತ ಅವಧಿಯೊಳಗೆ ದಂಡ ಕಟ್ಟಿ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳುವುದು ಉಚಿತ.

13. ಪರವಾನಗಿಯ ಹಣ ಯಾವುದಕ್ಕೆ ಬಳಕೆಯಾಗುತ್ತದೆ

ಪರವಾನಗಿಯಿಂದ ಬರುವ ಹಣವನ್ನು ಮೀನು ಮತ್ತು ವನ್ಯಜೀವಿ ನಿರ್ವಹಣೆಯ ಹೊರತು ಬೇರೆ ಕಾರ್ಯಗಳಿಗೆ ತಿರುಗಿಸದಿರುವುದು ಫೆಡರಲ್ ನೆರವಿಗೆ ಷರತ್ತಾಗಿದೆ. 1950ರ ಕ್ರೀಡಾ ಮೀನು ಪುನಶ್ಚೇತನ ಕಾಯ್ದೆಯಂತೆ ಗಾಳ, ಕೋಲು, ರಾಟೆ ಮುಂತಾದ ಸಾಮಗ್ರಿಗಳ ಮೇಲಿನ ತೆರಿಗೆಯ ಹಣವನ್ನು ರಾಜ್ಯಗಳಿಗೆ ಹಂಚಲಾಗುತ್ತದೆ. ಈ ಹಂಚಿಕೆಯಲ್ಲಿ ಶೇಕಡ 60 ಭಾಗವು ರಾಜ್ಯದಲ್ಲಿ ಪರವಾನಗಿ ಪಡೆದವರ ಸಂಖ್ಯೆಯನ್ನೂ, ಶೇಕಡ 40 ಭಾಗವು ರಾಜ್ಯದ ನೆಲ ಮತ್ತು ಜಲದ ವಿಸ್ತೀರ್ಣವನ್ನೂ ಆಧರಿಸಿರುತ್ತದೆ. ಹೀಗಾಗಿ ಒಬ್ಬರು ಪರವಾನಗಿಗೆ ತೆತ್ತ ಹಣದಿಂದ ಆಗುವ ಪ್ರಯೋಜನ ಆ ಹಣದ ಮೊತ್ತಕ್ಕೇ ನಿಲ್ಲುವುದಿಲ್ಲ. ಮೀನುಮರಿಗಳ ಸಾಕಣೆ, ಸರೋವರಗಳ ಪುನಶ್ಚೇತನ, ದೋಣಿ ಇಳಿಸುವ ಇಳಿಜಾರುಗಳ ನಿರ್ಮಾಣ ಮುಂತಾದ ಕಾರ್ಯಗಳಿಗೆ ಈ ಮೂಲಗಳೇ ಆಧಾರ.

14. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮಗುವಿಗೆ ಗಾಳ ಹಾಕಲು ಕಲಿಸುವ ತಂದೆಗೆ ಪರವಾನಗಿ ಬೇಕೆ?
ಉತ್ತರ: ಪಕ್ಕದಲ್ಲಿ ನಿಂತು ಹೇಳಿಕೊಡುವುದಕ್ಕೆ, ಎರೆ ಸಿಕ್ಕಿಸಿ ಕೊಡುವುದಕ್ಕೆ ಬೇಕಿಲ್ಲ. ತಾವೇ ಗಾಳ ಎಸೆದರೆ ಅಥವಾ ಮೀನನ್ನು ಎಳೆದುಕೊಂಡರೆ ಬೇಕಾಗುತ್ತದೆ.

ಪ್ರಶ್ನೆ: ಬೇರೆ ರಾಜ್ಯದಲ್ಲಿ ಪಡೆದ ಪರವಾನಗಿ ಫ್ಲಾರಿಡಾದಲ್ಲಿ ಸಲ್ಲುತ್ತದೆಯೆ?
ಉತ್ತರ: ಸಾಮಾನ್ಯವಾಗಿ ಸಲ್ಲುವುದಿಲ್ಲ. ಫ್ಲಾರಿಡಾ ಪರವಾನಗಿಯನ್ನು ಪ್ರತ್ಯೇಕವಾಗಿ ಪಡೆಯಬೇಕು.

ಪ್ರಶ್ನೆ: ಕುಟುಂಬಕ್ಕೆಲ್ಲ ಸೇರಿ ಒಂದು ಪರವಾನಗಿ ಪಡೆಯಬಹುದೆ?
ಉತ್ತರ: ಇಲ್ಲ. ಪರವಾನಗಿಯು ವ್ಯಕ್ತಿಗೆ ಸಂಬಂಧಿಸಿದ್ದು. ಒಂದೇ ಕೋಲನ್ನು ಸರದಿಯಂತೆ ಹಿಡಿದರೂ ಅಗತ್ಯವಿರುವ ಪ್ರತಿಯೊಬ್ಬರೂ ಪಡೆಯಬೇಕು.

ಪ್ರಶ್ನೆ: ಹವ್ಯಾಸಿ ಪರವಾನಗಿಯ ಮೇಲೆ ಹಿಡಿದ ಮೀನನ್ನು ಮಾರಬಹುದೆ?
ಉತ್ತರ: ಮಾರುವಂತಿಲ್ಲ. ಮಾರಾಟಕ್ಕೆ ವಾಣಿಜ್ಯ ಪರವಾನಗಿಯ ನಿಯಮಗಳು ಬೇರೆ ಇವೆ.

ಪ್ರಶ್ನೆ: ಪರವಾನಗಿ ಬೇಕೋ ಬೇಡವೋ ಎಂದು ಸಂದೇಹವಿದ್ದರೆ ಏನು ಮಾಡಬೇಕು?
ಉತ್ತರ: ನಾಲ್ಕು ಅಂಶಗಳನ್ನು ಪರಿಶೀಲಿಸಬೇಕು: ವಯಸ್ಸು, ನಿವಾಸ, ನೀರಿನ ಬಗೆ ಮತ್ತು ನಿಲ್ಲುವ ಸ್ಥಳ. ಆಗಲೂ ಸಂದೇಹ ಉಳಿದಲ್ಲಿ, ಗಾಳ ಹಾಕುವ ಮುನ್ನ ಸಮೀಪದ ತೆರಿಗೆ ಸಂಗ್ರಾಹಕರ ಕಚೇರಿಯಲ್ಲಿ ಅಥವಾ ಆಯೋಗದ ಪ್ರಾದೇಶಿಕ ಕಚೇರಿಯಲ್ಲಿ ವಿಚಾರಿಸಿ ಖಚಿತಪಡಿಸಿಕೊಳ್ಳತಕ್ಕದ್ದು.